ಏರಿನಲ್ಲಿ ಪೇಸ್ ಬಿದ್ದರೆ ಬೀಳಲಿ ಬಿಡಿ

ಪ್ರಶ್ನೆ: ನಾನು ಕಾರವಾರದವಳು. ಟಾಗೋರ್ ಬೀಚಿನ ಪಕ್ಕದ ಸಪಾಟು ರಸ್ತೆಯಲ್ಲೇ ನನ್ನ ಓಟವೆಲ್ಲ. ಸಪಾಟು ದಾರಿಯ ಮ್ಯಾರಥಾನ್ ಒಂದನ್ನು ನಾಲ್ಕೂವರೆ ಗಂಟೆಯಲ್ಲಿ ಮುಗಿಸಿದ್ದೇನೆ. ಈ ಸಲ ಏರಿಳಿತ ಜಾಸ್ತಿ ಇರುವ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಏರಿನಲ್ಲೂ ಅದೇ ಪೇಸ್ ಹಿಡಿಯಬೇಕಾ, ಇಲ್ಲ ಏರಿನಲ್ಲಿ ಹೋದ ಟೈಮನ್ನು ಇಳಿಜಾರಿನಲ್ಲಿ ವಾಪಸ್ ತೆಗೆಯಬೇಕಾ?

ಉತ್ತರ: ಎರಡೂ ಬೇಡ. ಕರಾವಳಿಯಲ್ಲಿ ಓಡುವವರು ಘಟ್ಟದ ಮೇಲಿನ ಓಟಕ್ಕೆ ಹೊರಟಾಗ ಇದನ್ನು ಕೇಳೇ ಕೇಳುತ್ತಾರೆ. ಉತ್ತರ ಚಿಕ್ಕದು: ಪೇಸ್ (ಒಂದು ಕಿಲೋಮೀಟರಿಗೆ ಹಿಡಿಯುವ ಹೊತ್ತು) ಬದಲಾಗಲಿ, ಶ್ರಮ ಒಂದೇ ಇರಲಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು.

42.195 ಕಿಲೋಮೀಟರನ್ನು ನಾಲ್ಕೂವರೆ ಗಂಟೆಯಲ್ಲಿ ಓಡಿದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್ ಬರುತ್ತದೆ. ಈಗ ಶೇ. 5ರ ಏರು ಸಿಕ್ಕಿತು ಅಂದುಕೊಳ್ಳಿ. ಅಂದರೆ 100 ಮೀಟರ್ ಓಡಿದರೆ 5 ಮೀಟರ್ ಮೇಲೆ ಹೋಗಿರುತ್ತೀರಿ. ನೋಡೋಕೆ ಅಂಥಾ ಏರೇನೂ ಅಲ್ಲ, ಸ್ಕೂಟರಿನಲ್ಲಿ ಹೋದರೆ ಗೊತ್ತೂ ಆಗಲ್ಲ. ಆದರೆ ಅಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಬೆಟ್ಟದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ 2002ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಇಷ್ಟು ಏರಿನಲ್ಲಿ ಪ್ರತಿ ಮೀಟರಿಗೆ ಸಪಾಟಿಗಿಂತ ಸುಮಾರು ಶೇ. 30ರಷ್ಟು ಹೆಚ್ಚು ಶಕ್ತಿ ಬೇಕು. ಅದೇ 6:24 ಬಿಡಲ್ಲ ಅಂತ ಹಟ ಹಿಡಿದರೆ, ನಿಮ್ಮ ದೇಹಕ್ಕೆ ಅದು ಬೀಚ್ ರಸ್ತೆಯಲ್ಲಿ 4:55ರಲ್ಲಿ ಓಡಿದ ಹಾಗೆ. ಮ್ಯಾರಥಾನ್ ಮಧ್ಯೆ 4:55ರಲ್ಲಿ ಒಂದೆರಡು ಕಿಲೋಮೀಟರ್ ಓಡು ಅಂತ ಯಾರಾದರೂ ಹೇಳಿದರೆ ಓಡುತ್ತೀರಾ? ಇಲ್ಲ ಅಲ್ವಾ?

ಹಾಗಾದರೆ ಶ್ರಮ ಬದಲಾಗದೆ ಆ ಏರನ್ನು ಹತ್ತಿದರೆ ಪೇಸ್ ಎಷ್ಟಾಗುತ್ತದೆ? ಸುಮಾರು 8:20. ವಾಚಿನಲ್ಲಿ ಈ ಅಂಕಿ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಎಲ್ಲರೂ ಎಡವೋದು ಇಲ್ಲೇ. ವಾಚ್ ನೋಡಿ ಗಾಬರಿಯಾಗಿ ಜೋರು ಮಾಡುತ್ತಾರೆ.

ಇಳಿಜಾರಿಗೆ ಬರೋಣ. ಅದೇ ಅಳತೆಯಲ್ಲಿ ಶೇ. 5ರ ಇಳಿಜಾರು ಶಕ್ತಿಯ ಕಾಲು ಭಾಗದಷ್ಟನ್ನು ಉಳಿಸುತ್ತದೆ. ಹತ್ತುವಾಗ ಶೇ. 30 ಕೊಡಿ, ಇಳಿಯುವಾಗ ಶೇ. 25ಕ್ಕೂ ಸ್ವಲ್ಪ ಕಡಿಮೆ ತಗೊಳ್ಳಿ. ಹೊರಟ ಎತ್ತರಕ್ಕೇ ವಾಪಸ್ ಬಂದರೂ ಲೆಕ್ಕ ಸರಿಹೋಗಲ್ಲ. ಅದೂ ಕಾಗದದ ಮೇಲೆ. ಆ ಕಾಲು ಭಾಗವನ್ನು ಪೂರ್ತಿ ಪೇಸ್ ಮಾಡಿಕೊಳ್ಳಬೇಕಾದರೆ ನೀವು ಸುಮಾರು 4:50ರಲ್ಲಿ ಇಳಿಯಬೇಕು. ಉಸಿರು ಒಪ್ಪುತ್ತದೆ, ತೊಡೆ ಒಪ್ಪಲ್ಲ. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿದು ಮೈಭಾರವನ್ನು ತಡೆಯುತ್ತದೆ. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳೋದು ಇಂಥ ಕೆಲಸದಲ್ಲೇ. ಆಗ ಏನೂ ಗೊತ್ತಾಗಲ್ಲ, ಹಾರಿಕೊಂಡು ಹೋದ ಹಾಗಿರುತ್ತದೆ. 30 ಕಿಲೋಮೀಟರ್ ದಾಟಿದ ಮೇಲೆ ಸಪಾಟು ರಸ್ತೆಯಲ್ಲೇ ಮಂಡಿ ಮಡಚೋಕೆ ಕಷ್ಟವಾದಾಗ ಗೊತ್ತಾಗುತ್ತದೆ.

ಬಾಸ್ಟನ್ ಮ್ಯಾರಥಾನ್ ಇದಕ್ಕೇ ಹೆಸರುವಾಸಿ. ಅಲ್ಲಿ ಶುರುವಿನ ಹಲವು ಕಿಲೋಮೀಟರ್ ಹೆಚ್ಚಾಗಿ ಇಳಿಜಾರು. ಏರು ಶುರುವಾಗೋದೇ 25 ಕಿಲೋಮೀಟರ್ ದಾಟಿದ ಮೇಲೆ. ಅವುಗಳಲ್ಲಿ ಕೊನೆಯದಾದ ಹಾರ್ಟ್‌ಬ್ರೇಕ್ ಹಿಲ್ 30 ಮೀಟರ್ ಎತ್ತರ ಕೂಡ ಇಲ್ಲ. ನಮ್ಮ ಸದಾಶಿವಗಡದ ಗುಡ್ಡ ನೋಡಿದವರಿಗೆ ನಗು ಬರಬೇಕು. ಆದರೆ ಅದು ಬರೋದು 32 ಕಿಲೋಮೀಟರ್ ಓಡಿದ ಮೇಲೆ, ಇಳಿದಿಳಿದು ತೊಡೆ ದಣಿದ ಮೇಲೆ. 1936ರಲ್ಲಿ ಜಾನಿ ಕೆಲ್ಲಿ ಅನ್ನೋ ಓಟಗಾರ ಮುಂದಿದ್ದ ಟಾರ್ಜನ್ ಬ್ರೌನ್‌ನನ್ನು ಈ ಏರುಗಳಲ್ಲೇ ಅಟ್ಟಿಸಿಕೊಂಡು ಹೋಗಿ ಹಿಡಿದು, ಹೆಗಲು ತಟ್ಟಿ ಮುಂದೆ ಹೋದ. ಬ್ರೌನ್ ತಿರುಗಿ ಬಂದು ಓಟವನ್ನೇ ಗೆದ್ದ, ಕೆಲ್ಲಿ ಐದನೆಯವನಾದ. ಅಲ್ಲಿಂದ ಆ ಏರಿಗೆ ಹಾರ್ಟ್‌ಬ್ರೇಕ್ ಅನ್ನೋ ಹೆಸರು ಬಂತು. ಬ್ರೌನ್‌ನನ್ನು ಹಿಡಿಯೋಕೆ ಕೆಲ್ಲಿ ಎಷ್ಟು ಖರ್ಚು ಮಾಡಿಕೊಂಡಿದ್ದ ಅಂತ ಯೋಚಿಸಿ.

ಸರಿ, ಶ್ರಮ ಒಂದೇ ಇದೆ ಅಂತ ತಿಳಿಯೋದು ಹೇಗೆ? ದೇವಿಮನೆ ಘಟ್ಟ ಹತ್ತುವ ಬಸ್ಸಿನ ಡ್ರೈವರ್ ಸ್ಪೀಡ್ ಮುಳ್ಳು ನೋಡಿ ಗೇರ್ ಬದಲಿಸಲ್ಲ, ಎಂಜಿನ್ ಸದ್ದು ಕೇಳಿ ಬದಲಿಸುತ್ತಾರೆ. ನಿಮಗೂ ಸದ್ದೇ ಆಧಾರ. ನಿಮ್ಮ ಉಸಿರಿನ ಸದ್ದು. ಎದುರಿಗೆ ಗುರ್ತದವರು ಸಿಕ್ಕಿ “ಏನು ಮಾರಾಯ್ತಿ, ಬೆಳಗ್ಗೆ ಬೆಳಗ್ಗೆ ಎಲ್ಲಿಗೆ?” ಅಂದರೆ ನಿಲ್ಲದೆ ಒಂದು ಪೂರ್ತಿ ವಾಕ್ಯದ ಉತ್ತರ ಹೇಳೋಕಾಗಬೇಕು. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ಜಾಸ್ತಿಯಾಯಿತು. ಮೊದಲ 30 ಕಿಲೋಮೀಟರಿಗೆ ಈ ಪರೀಕ್ಷೆ ಸಾಕು. ಆಮೇಲೆ ಹೇಗೂ ಎಲ್ಲವೂ ಕಷ್ಟವೇ.

ಹಾರ್ಟ್ ರೇಟ್ ನೋಡಬಹುದಲ್ಲ ಅಂತೀರಿ. ನೋಡಿ, ಆದರೆ ಅದರದ್ದು ಯಾವಾಗಲೂ ತಡವಾದ ಸುದ್ದಿ. ಏರು ಶುರುವಾಗಿ ಅರ್ಧ ಒಂದು ನಿಮಿಷವಾದ ಮೇಲೆ ಅಂಕಿ ಮೇಲೇಳುತ್ತದೆ. ಅಷ್ಟರಲ್ಲಿ ಚಿಕ್ಕ ಏರು ಮುಗಿದೇ ಹೋಗಿರುತ್ತದೆ. ಸೆಕೆಯಲ್ಲಂತೂ ಪೇಸ್ ಅಷ್ಟೇ ಇದ್ದರೂ ಗಂಟೆ ಕಳೆದಂತೆ ಬಡಿತ ಏರುತ್ತಾ ಹೋಗುತ್ತದೆ. ಕಾರವಾರದ ಗಾಳಿಯಲ್ಲಿ ಬೆವರು ಆರೋದೇ ಇಲ್ಲ, ಇದು ನಿಮಗೆ ಹೇಳಿಕೊಡಬೇಕಾಗಿಲ್ಲ. ಮರ ಮುಚ್ಚಿದ ರಸ್ತೆಯಲ್ಲಿ ಜಿಪಿಎಸ್ ವಾಚ್ ಆ ಕ್ಷಣಕ್ಕೆ ತೋರಿಸುವ ಪೇಸ್ ಕೂಡ ನಂಬೋ ಹಾಗಿಲ್ಲ. ಓಟದ ದಿನ ವಾಚಿನಲ್ಲಿ ಒಟ್ಟು ಹೊತ್ತು ಮಾತ್ರ ಕಾಣೋ ಹಾಗೆ ಇಟ್ಟುಕೊಳ್ಳಿ ಅಂತ ನನ್ನ ಸಲಹೆ.

ಏರಿನ ಬುಡದಲ್ಲೇ ಹೆಜ್ಜೆ ಚಿಕ್ಕದು ಮಾಡಿ, ಏದುಸಿರು ಬರೋ ತನಕ ಕಾಯಬೇಡಿ. ತುಂಬಾ ಕಡಿದಾದ ಕಡೆ ಬಿರುಸಾಗಿ ನಡೆದರೂ ಮರ್ಯಾದೆಯೇನೂ ಹೋಗಲ್ಲ. ಇನ್ನು ನೆತ್ತಿಯ ವಿಷಯ. ಏರು ಮುಗಿದ ಖುಷಿಯಲ್ಲಿ ಅಲ್ಲೇ ಓಟ ಜೋರು ಮಾಡುವವರು ಬಹಳ. ಕಾಲು ಸಪಾಟಿಗೆ ಬಂದಿರುತ್ತದೆ, ಉಸಿರು ಇನ್ನೂ ಏರಿನಲ್ಲೇ ಇರುತ್ತದೆ. ನೂರಿನ್ನೂರು ಮೀಟರ್ ಸುಮ್ನೆ ಹಾಗೇ ಹೋಗಿ, ಉಸಿರು ಇಳಿಯಲಿ, ಆಮೇಲೆ ಪೇಸ್ ತಾನಾಗೇ ಬರುತ್ತದೆ. ಇಳಿಜಾರಿನಲ್ಲಿ ಪಾದ ತೀರಾ ಮುಂದಕ್ಕೆ ಚಾಚಿ ಹಿಮ್ಮಡಿಯಲ್ಲಿ ಬ್ರೇಕ್ ಹಾಕಬೇಡಿ. ಚಿಕ್ಕ, ಚುರುಕು ಹೆಜ್ಜೆ ಇಡಿ.

ಅಭ್ಯಾಸ ಎಲ್ಲಿ? ಹೆದ್ದಾರಿಯ ಬಿಣಗಾ ಘಟ್ಟ ಹತ್ತಿರವೇ ಇದೆ, ಆದರೆ ಲಾರಿಗಳ ನಡುವೆ ಓಡಿ ಅಂತ ನಾನು ಹೇಳಲಾರೆ. ಕಾಳಿ ಸೇತುವೆ ದಾಟಿ ಸದಾಶಿವಗಡದಲ್ಲಿ ಹತ್ತಿ ಇಳಿಯೋದು ವಾಸಿ. ತಿಂಗಳಿಗೆ ಒಂದೆರಡು ಸಲ ಶಿರಸಿಗೆ ಹೋಗೋಕಾದರೆ ಇನ್ನೂ ಒಳ್ಳೆಯದು. ದೇವಿಮನೆ ಘಟ್ಟದಲ್ಲಲ್ಲ, ಶಿರಸಿಯಿಂದ ಹುಲೇಕಲ್ ಕಡೆಗೋ ಸೋಂದಾ ಕಡೆಗೋ. ಒಂದೇ ಸಮನೆ ಹತ್ತುವ ಮ್ಯಾರಥಾನ್ ಕಡಿಮೆ. ಏರು, ತಗ್ಗು, ಮತ್ತೆ ಏರು, ಇದೇ ನಿಮಗೆ ಸಿಗೋದು. ಮಳೆಗಾಲದಲ್ಲಿ ಮಾತ್ರ ರಸ್ತೆ ಅಂಚಿನ ಹಸಿರು ಪಾಚಿ ನೋಡಿಕೊಳ್ಳಿ, ಇಳಿಯುವಾಗ ಜಾರಿದರೆ ಕೈ ಊರೋಕೂ ಹೊತ್ತಿರಲ್ಲ.

ಅಲ್ಲಿ 10 ಕಿಲೋಮೀಟರನ್ನು ವಾಚ್ ನೋಡದೆ, ಉಸಿರಿನ ಲೆಕ್ಕದಲ್ಲಿ ಓಡಿ. ಇನ್ನೊಂದು ದಿನ ಬೀಚ್ ರಸ್ತೆಯಲ್ಲಿ ಅದೇ ಉಸಿರಿನಲ್ಲಿ ಅಷ್ಟೇ ದೂರ ಓಡಿ. ಶೇಕಡಾ ಎಷ್ಟು ವ್ಯತ್ಯಾಸ ಬಂತೋ ಅದನ್ನು ನಾಲ್ಕೂವರೆ ಗಂಟೆಗೆ ಸೇರಿಸಿದರೆ ಒಂದು ಅಂದಾಜು ಸಿಗುತ್ತದೆ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ಬೆಳಗ್ಗೆ ತಂಪು. ಹಾಗಾಗಿ ಏರಿನ ಹೊಡೆತ ಇರೋದಕ್ಕಿಂತ ಕಡಿಮೆ ಕಾಣಬಹುದು, ಅಂದಾಜಿಗೆ ಒಂದೈದು ನಿಮಿಷ ಹೆಚ್ಚೇ ಹಾಕಿಕೊಳ್ಳಿ.

ಇಳಿಜಾರಿನ ಅಭ್ಯಾಸ ಬಿಡಬೇಡಿ. ಒಮ್ಮೆ ಚೆನ್ನಾಗಿ ಇಳಿದು ತೊಡೆ ನೋಯಿಸಿಕೊಂಡರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಸ್ನಾಯು ಅಷ್ಟು ನೋಯಲ್ಲ. ಓಟಕ್ಕೆ ಮೂರು ನಾಲ್ಕು ವಾರ ಇರುವಾಗ ಇದನ್ನು ಮಾಡಿ ಮುಗಿಸಿ, ಕೊನೆಯ ಎರಡು ವಾರದಲ್ಲಿ ಖಂಡಿತ ಬೇಡ.

ಓಟದಲ್ಲಿ ಪೇಸರ್ (ಗೊತ್ತುಮಾಡಿದ ಟೈಮಿಗೆ ಓಡಿ ಉಳಿದವರನ್ನು ಜತೆಗೆ ಕರೆದೊಯ್ಯುವವರು) ಜತೆ ಹೋಗೋ ಯೋಚನೆ ಇದ್ದರೆ ಶುರುವಾಗುವ ಮೊದಲೇ ಅವರನ್ನು ಕೇಳಿ: ಏರಿನಲ್ಲಿ ಪೇಸ್ ಇಳಿಸುತ್ತೀರಾ, ಇಲ್ಲ ಪ್ರತಿ ಕಿಲೋಮೀಟರೂ ಒಂದೇ ಟೈಮಾ? ಒಂದೇ ಟೈಮು ಅಂದರೆ ಅವರನ್ನು ಏರಿನಲ್ಲಿ ಮುಂದೆ ಬಿಟ್ಟುಬಿಡಿ. ಇಳಿಜಾರಿನಲ್ಲಿ ಅವರು ನಿಮ್ಮ ಕಣ್ಣಳತೆಗೆ ಮತ್ತೆ ಬರುತ್ತಾರೆ. ಬರದಿದ್ದರೂ ಪರವಾಗಿಲ್ಲ.