ನದಿ ನೀರಿನ ತಾಪಮಾನ: ಸರಾಸರಿ ಒಂದೇ ನೋಡಿದರೆ ಸಾಲದು

ಎರಡು ನದಿಗಳಿವೆ ಎಂದುಕೊಳ್ಳಿ. ಎರಡರ ನೀರಿನ ವಾರ್ಷಿಕ ಸರಾಸರಿಯೂ 12 ಡಿಗ್ರಿ ಸೆಲ್ಸಿಯಸ್. ಒಂದು ಚಳಿಗಾಲದಲ್ಲಿ 2ಕ್ಕೆ ಇಳಿದು ಬೇಸಿಗೆಯಲ್ಲಿ 22ಕ್ಕೆ ಏರುತ್ತದೆ. ಇನ್ನೊಂದು ವರ್ಷವಿಡೀ 10 ಮತ್ತು 14ರ ನಡುವೆಯೇ ಇರುತ್ತದೆ. ಇವೆರಡನ್ನೂ ಒಂದೇ ಗುಂಪಿಗೆ ಹಾಕಿದರೆ ಮೀನು ಒಪ್ಪುವುದಿಲ್ಲ, ಅಲ್ವಾ?

ಹಾಗಾಗಿ ತಾಪಮಾನದ ಪ್ರಕಾರ ನದಿಗಳನ್ನು ವಿಂಗಡಿಸುವವರು ಮೂರು ವಿಷಯ ನೋಡುತ್ತಾರೆ: ಸರಾಸರಿ ಎಷ್ಟು, ಏರಿಳಿತ ಎಷ್ಟು, ನೀರು ಅತಿ ಬಿಸಿಯಾಗುವುದು ಯಾವಾಗ. ಸಮಶೀತೋಷ್ಣ ಪ್ರದೇಶದ ನದಿಯ ದಿನದಿನದ ತಾಪಮಾನವನ್ನು ಗ್ರಾಫ್ ಮಾಡಿದರೆ ಹೆಚ್ಚುಕಡಿಮೆ ಸೈನ್ ಅಲೆ, ಅಂದರೆ ನಯವಾಗಿ ಏರಿ ಇಳಿಯುವ ಗೆರೆ, ಕಾಣುತ್ತದೆ. ಅಳತೆಗಳಿಗೆ ಅಂಥ ಅಲೆಯೊಂದನ್ನು ಹೊಂದಿಸಿದರೆ ಮೂರೂ ಸಂಖ್ಯೆಗಳು ಸಿಗುತ್ತವೆ. ಆಮೇಲೆ ಕ್ಲಸ್ಟರಿಂಗ್, ಅಂದರೆ ಸಂಖ್ಯೆಗಳು ಹತ್ತಿರವಿರುವವನ್ನು ಒಟ್ಟಿಗೆ ಸೇರಿಸುವ ಲೆಕ್ಕ, ಮಾಡಿ ನದಿಗಳನ್ನು ಗುಂಪು ಮಾಡಬಹುದು. ಎಷ್ಟು ಗುಂಪು ಎಂದು ಮೊದಲೇ ಬರೆದಿಟ್ಟಿಲ್ಲ. ಗೆರೆ ಎಳೆಯುವವರು ನಾವೇ. ಬಿಸಿಲು, ಗಾಳಿಯ ತಾಪ, ದಡದ ನೆರಳು, ಕರಗಿದ ಹಿಮ, ಅಂತರ್ಜಲ ಇವೆಲ್ಲ ಸೇರಿ ಅಲೆಯ ಆಕಾರ ನಿರ್ಧರಿಸುತ್ತವೆ. ಅಂತರ್ಜಲ ಜಾಸ್ತಿ ಇದ್ದರೆ ಅಲೆ ಚಪ್ಪಟೆಯಾಗುತ್ತದೆ.

ಈಗ ಅಣೆಕಟ್ಟು. ಆಳವಾದ ಜಲಾಶಯದಲ್ಲಿ ಬೇಸಿಗೆಯ ನೀರು ಪದರಗಳಾಗಿ ನಿಲ್ಲುತ್ತದೆ. ಬಿಸಿ ನೀರು ಹಗುರ, ಮೇಲೆ ಉಳಿಯುತ್ತದೆ. ತಣ್ಣನೆಯದು ತಳದಲ್ಲಿ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಆದ್ದರಿಂದ ಕೊರೆಯುವ ಚಳಿಯಲ್ಲೂ ತಳದ ನೀರು ಸಾಮಾನ್ಯವಾಗಿ ಸೊನ್ನೆಗೆ ಇಳಿಯುವುದಿಲ್ಲ. ತಳದಿಂದ ನೀರು ಬಿಟ್ಟರೆ ಕೆಳಗಿನ ನದಿ ಬೇಸಿಗೆಯಲ್ಲಿ ಇರಬೇಕಾದ್ದಕ್ಕಿಂತ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಏರಿಳಿತ ಕುಗ್ಗುತ್ತದೆ, ಅತಿ ಬಿಸಿಯ ದಿನ ಶರತ್ಕಾಲದ ಕಡೆಗೆ ಜಾರುತ್ತದೆ. ಬೇಸಿಗೆಯ ಇಳಿಕೆಯೂ ಚಳಿಗಾಲದ ಏರಿಕೆಯೂ ಒಂದನ್ನೊಂದು ಸರಿದೂಗಿಸಿ ಸರಾಸರಿ ಹೆಚ್ಚು ಬದಲಾಗದೆಯೂ ಇರಬಹುದು! ಇನ್ನು ಆಳವಿಲ್ಲದ ಸಣ್ಣ ಕಟ್ಟೆಯ ಕಥೆ ಉಲ್ಟಾ. ಬಿಸಿಲಿಗೆ ಕಾದ ಮೇಲಿನ ನೀರು ಉಕ್ಕಿ ಹರಿದು ನದಿಯನ್ನು ಬಿಸಿ ಮಾಡುತ್ತದೆ. ಹಾಗಾಗಿ ಅಣೆಕಟ್ಟು ಇದೆಯೋ ಇಲ್ಲವೋ ಎಂದು ಸುಮ್ನೆ ಗುರುತು ಹಾಕಿಕೊಂಡರೆ ಉಪಯೋಗವಿಲ್ಲ. ಆಳ ಎಷ್ಟು, ನೀರು ಎಷ್ಟು ಕಾಲ ನಿಲ್ಲುತ್ತದೆ, ಯಾವ ಮಟ್ಟದಿಂದ ಬಿಡುತ್ತಾರೆ ಎಂದು ಕೇಳಬೇಕು.

ಅಮೆರಿಕದ ಕೊಲೊರಾಡೊ ನದಿ ಒಳ್ಳೆಯ ಉದಾಹರಣೆ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಲ್ಲಿ ನೀರು ತಡೆಯುವ ಮೊದಲು ಅಲ್ಲಿನ ನೀರು ಸೊನ್ನೆಯ ಹತ್ತಿರದಿಂದ ಬೇಸಿಗೆಯಲ್ಲಿ 25 ಡಿಗ್ರಿ ದಾಟುವವರೆಗೆ ಏರಿಳಿಯುತ್ತಿತ್ತು. ಜಲಾಶಯ ತುಂಬಿದ ಮೇಲೆ ದಶಕಗಳ ಕಾಲ ಅಣೆಕಟ್ಟಿನ ಕೆಳಗೆ ನೀರು ಬಹುಪಾಲು 10 ಡಿಗ್ರಿಯ ಆಸುಪಾಸಿನಲ್ಲೇ ಇತ್ತು. ಹಂಪ್‌ಬ್ಯಾಕ್ ಚಬ್ ಎಂಬ ಅಲ್ಲಿನ ಮೀನಿನ ಸಂತಾನಕ್ಕೆ ಸುಮಾರು 16 ಡಿಗ್ರಿಯಾದರೂ ಬೇಕು. ಹಾಗೆಂದು ಬಿಸಿ ನೀರು ಬಂದರೆ ಎಲ್ಲ ಸರಿಯಾಯಿತು ಎಂದೂ ಅಲ್ಲ. 2022ರಲ್ಲಿ ಜಲಾಶಯದ ಮಟ್ಟ ಕುಸಿದು ಮೇಲಿನ ಬಿಸಿ ನೀರು ಹೊರಬರತೊಡಗಿತು. ಆಗ ಹೊರಗಿನಿಂದ ಬಂದ ಸ್ಮಾಲ್‌ಮೌತ್ ಬಾಸ್ ಮೀನು ಅಣೆಕಟ್ಟಿನ ಕೆಳಗೆ ಮರಿ ಮಾಡಿತು. ಅದು ಚಬ್ ಮೀನನ್ನೇ ತಿನ್ನುವಂಥದ್ದು. ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟಿನಲ್ಲಿ ಬೇಕಾಗಿದ್ದು ತಣ್ಣೀರು, ಸಾಮನ್ ಮೀನಿನ ಮೊಟ್ಟೆಗಳು ಉಳಿಯಲೆಂದು. ಬೇರೆ ಬೇರೆ ಮಟ್ಟದಿಂದ ನೀರು ಎಳೆಯುವ ವ್ಯವಸ್ಥೆ ಅಲ್ಲಿ 1997ರಿಂದ ಇದೆ.

ವರ್ಗೀಕರಣ ಮಾಡುವಾಗ ಒಂದು ಎಚ್ಚರಿಕೆ. ತಳದಿಂದ ನೀರು ಬಿಡುವ ಅಣೆಕಟ್ಟಿನ ಕೆಳಗಿನ ನದಿಯೂ ಅಂತರ್ಜಲದಿಂದ ಹರಿಯುವ ನದಿಯೂ ಗ್ರಾಫ್‌ನಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎರಡರದ್ದೂ ಚಪ್ಪಟೆ ಅಲೆ. ಬೇರ್ಪಡಿಸಲು ಅತಿ ಬಿಸಿಯ ದಿನಾಂಕ ನೋಡಿ. ಅಣೆಕಟ್ಟಿನದ್ದು ಸಾಮಾನ್ಯವಾಗಿ ಹೆಚ್ಚು ತಡ. ಇದಕ್ಕಿಂತ ಒಳ್ಳೆಯ ದಾರಿ, ಮೊದಲು ತಡೆಯಿಲ್ಲದೆ ಹರಿಯುವ ನದಿಗಳನ್ನಷ್ಟೇ ಗುಂಪು ಮಾಡುವುದು. ಆಮೇಲೆ ಅಣೆಕಟ್ಟಿನ ನದಿ ತಾನಿರಬೇಕಾದ ಗುಂಪಿನಿಂದ ಎಷ್ಟು ದೂರ ಸರಿದಿದೆ ಎಂದು ಅಳೆಯಬೇಕು. ಕೆಳಕ್ಕೆ ಹೋದಂತೆ ಗಾಳಿ, ಬಿಸಿಲು, ಉಪನದಿಗಳು ಸೇರಿ ಆ ಅಂತರ ಕಡಿಮೆಯಾಗುತ್ತದೆ. ಆದ್ದರಿಂದ ಮಾಪಕ ಅಣೆಕಟ್ಟಿನಿಂದ ಎಷ್ಟು ಕಿಲೋಮೀಟರ್ ಕೆಳಗಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.