ನಸುಕಿಗೆ ಶಿರಸಿ ಬಿಟ್ಟರೆ ಹಂಪಿ ಒಂದೇ ದಿನಕ್ಕೆ ದಕ್ಕುತ್ತದೆಯೇ?

ಪ್ರಶ್ನೆ: ನಾವು ಶಿರಸಿಯವರು. ಬೆಳಗಿನ ಜಾವ ಮೂರಕ್ಕೆ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಹೊರಟು, ಗೈಡ್ ಸಮೇತ ಹಂಪಿ ತೋರಿಸಿ, ರಾತ್ರಿ ಹತ್ತರ ಹೊತ್ತಿಗೆ ಮನೆ ಮುಟ್ಟಿಸುತ್ತೇವೆ ಎಂದು ಟ್ರಾವೆಲ್ಸ್‌ನವರೊಬ್ಬರು ಹೇಳುತ್ತಿದ್ದಾರೆ. ಎಪ್ಪತ್ತು ದಾಟಿದ ಅಪ್ಪ, ಆಯಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ಜೊತೆಗಿರುತ್ತಾರೆ. ಒಂದೇ ದಿನದಲ್ಲಿ ನೋಡಿ ಬರಲು ಆಗುತ್ತದೆಯೇ? ಗೈಡ್ ನಿಜಕ್ಕೂ ಬೇಕೇ?

ಉತ್ತರ: ಆಗುತ್ತದೆ, ಟ್ರಾವೆಲ್ಸ್‌ನವರ ಪಟ್ಟಿಯಲ್ಲಿ ಅರ್ಧವನ್ನು ನೀವೇ ಹೊಡೆದುಹಾಕಿದರೆ. ಗೈಡ್ ಕೂಡ ಬೇಕು, ಆದರೆ ಎಲ್ಲ ಕಡೆ ಅಲ್ಲ. ಸಾಮಾನ್ಯವಾಗಿ ಯಾವ ಜಾಗದಲ್ಲಿ ಗೈಡ್ ಹಿಡಿಯುತ್ತಾರೋ ಅಲ್ಲಿ ಅವರ ಅಗತ್ಯ ಕಡಿಮೆ. ಯಾವ ಜಾಗದಲ್ಲಿ ಬಿಟ್ಟುಬಿಡುತ್ತಾರೋ ಅಲ್ಲೇ ಅವರು ಬೇಕು.

ಮೊದಲು ದಾರಿಯ ಲೆಕ್ಕ. ಶಿರಸಿಯಿಂದ ಮುಂಡಗೋಡ ಮೇಲೆ ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಅಲ್ಲಿಂದ ಗದಗ, ಕೊಪ್ಪಳ ದಾಟಿ ಹೊಸಪೇಟೆ, ಮತ್ತೆ ಹದಿಮೂರು ಕಿಲೋಮೀಟರ್ ಹೋದರೆ ಹಂಪಿ. ಒಟ್ಟು 260 ಕಿಲೋಮೀಟರಿನ ಆಸುಪಾಸು. ಚಹಾಕ್ಕೆ ಒಮ್ಮೆ ನಿಂತರೂ ಐದು, ಐದೂವರೆ ತಾಸು ಹಿಡಿಯುತ್ತದೆ. ಮೂರಕ್ಕೆ ಹೊರಟವರು ಎಂಟೂವರೆಗೆ ತಲುಪುತ್ತಾರೆ. ಐದಕ್ಕೆ ಹೊರಟರೆ ಹತ್ತೂವರೆ, ಆ ಹೊತ್ತಿಗೆ ಹಂಪಿಯ ಬಂಡೆಗಳು ಕಾಯಲು ಶುರುವಾಗಿರುತ್ತವೆ. ಹಾಗಾಗಿ ಮೂರರ ಹೊರಡಿಕೆ ಟ್ರಾವೆಲ್ಸ್‌ನವರ ಹುಚ್ಚಲ್ಲ, ಆ ವಿಷಯದಲ್ಲಿ ಅವರು ಹೇಳುವುದು ಸರಿಯಾಗಿಯೇ ಇದೆ.

ಅವರು ಹೇಳದೇ ಇರುವುದು ಚಾಲಕರ ವಿಷಯ. ಮೂರಕ್ಕೆ ಹೊರಡುವ ಗಾಡಿಯ ಚಾಲಕ ಎರಡಕ್ಕೆ ಎದ್ದಿರುತ್ತಾನೆ. ರಾತ್ರಿ ಹತ್ತಕ್ಕೆ ಅವನು ನಿಮ್ಮನ್ನು ಮನೆಯ ಮುಂದೆ ಇಳಿಸುವಾಗ ಇಪ್ಪತ್ತು ತಾಸು ಎಚ್ಚರವಾಗಿದ್ದಂತಾಯಿತು. ಹುಬ್ಬಳ್ಳಿ ದಾಟಿದ ಮೇಲೆ ಮುಂಡಗೋಡದ ಕಾಡಿನ ತಿರುವುಗಳು ಬರುವುದು ಆ ಕೊನೆಯ ಎರಡು ತಾಸಿನಲ್ಲಿ, ಗಾಡಿಯಲ್ಲಿದ್ದವರೆಲ್ಲ ನಿದ್ದೆ ಹೋಗಿರುವಾಗ. ಆದ್ದರಿಂದ ಎಸಿ ಇದೆಯೇ, ಪುಶ್‌ಬ್ಯಾಕ್ ಸೀಟು ಇದೆಯೇ ಎಂದು ಕೇಳುವ ಮೊದಲು ಇಬ್ಬರು ಚಾಲಕರು ಇರುತ್ತಾರೆಯೇ ಎಂದು ಕೇಳಿ. ಇಲ್ಲವೆಂದರೆ, ನೀವು ಹಂಪಿ ಸುತ್ತುವಾಗ ಚಾಲಕ ನೆರಳಿನಲ್ಲಿ ಮೂರು ತಾಸಾದರೂ ಮಲಗುವಂತೆ ಮಾತಾಡಿಕೊಳ್ಳಿ. "ಸ್ವಲ್ಪ ಆ ಕಡೆ ಬಿಟ್ಟು ಬಾ, ಈ ಕಡೆ ಕರೆದುಕೊಂಡು ಹೋಗು" ಎಂದು ಅರ್ಧ ತಾಸಿಗೊಮ್ಮೆ ಅವನನ್ನು ಎಬ್ಬಿಸುವ ಪ್ರವಾಸಿಗರೇ ಹೆಚ್ಚು. ನಿಮ್ಮ ಕ್ರಮವನ್ನು ಮೊದಲೇ ಬರೆದುಕೊಟ್ಟರೆ ಆ ಕಾಟ ತಪ್ಪುತ್ತದೆ.

ಈಗ ಪಟ್ಟಿಗೆ ಕತ್ತರಿ. ದಾರಿಯಲ್ಲೇ ಸಿಗುತ್ತದೆ ಎಂದು ಹಳೆಯ ಗುಡಿಗಳ ಊರಾದ ಲಕ್ಕುಂಡಿಯನ್ನು ಸೇರಿಸಿರುತ್ತಾರೆ. ಗದಗದಿಂದ ಹನ್ನೊಂದು ಕಿಲೋಮೀಟರ್ ಆಚೆಗೆ ಹೆದ್ದಾರಿಯ ಪಕ್ಕದಲ್ಲೇ ಇದೆ, ನಿಜ. ಆದರೆ ಅಲ್ಲಿನ ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆಯ ಬಾಗಿಲುವಾಡವನ್ನು ಇಪ್ಪತ್ತು ನಿಮಿಷದಲ್ಲಿ ನೋಡುವುದಕ್ಕಿಂತ ನೋಡದಿರುವುದು ಮೇಲು. ಲಕ್ಕುಂಡಿಗೆ ಇನ್ನೊಂದು ದಿನ ಇಡಿ. ಅಂಜನಾದ್ರಿ ಬೆಟ್ಟ ಬೇಡ. ಅದು ಹೊಳೆಯ ಆಚೆ ದಂಡೆಯಲ್ಲಿದೆ, ಗಾಡಿ ಬಳಸಿಕೊಂಡು ಹೋಗಬೇಕು, ಮೇಲೆ ಐದುನೂರಕ್ಕೂ ಹೆಚ್ಚು ಮೆಟ್ಟಿಲು. ಸಂಜೆಯ ತುಂಗಭದ್ರಾ ಅಣೆಕಟ್ಟೂ ಬೇಡ, ಅದು ಮನೆ ಮುಟ್ಟುವ ಹೊತ್ತನ್ನು ನಡುರಾತ್ರಿಗೆ ದೂಡುತ್ತದೆ. ಮಾತಂಗ ಬೆಟ್ಟ ಹತ್ತುವುದು ಮೊಣಕಾಲು ಗಟ್ಟಿ ಇರುವವರ ಕೆಲಸ.

ಉಳಿದದ್ದು ಮೂರು: ಅರಮನೆ ಆವರಣ, ವಿರೂಪಾಕ್ಷ ಗುಡಿಯ ಸುತ್ತ, ವಿಜಯ ವಿಠ್ಠಲ ದೇವಾಲಯ. 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ ಒಂದು ಗುಡಿಯಲ್ಲ, ನಲವತ್ತಕ್ಕೂ ಹೆಚ್ಚು ಚದರ ಕಿಲೋಮೀಟರಿನ ಹಾಳು ಪಟ್ಟಣ. ಅದರಲ್ಲಿ ಮೂರು ಕಡೆ ಸರಿಯಾಗಿ ನಿಂತು ನೋಡಿದರೆ ದಿನ ಸಾರ್ಥಕ.

ಹೆಚ್ಚಿನ ಗಾಡಿಗಳು ಮೊದಲು ವಿರೂಪಾಕ್ಷನ ಮುಂದೆ ನಿಲ್ಲುತ್ತವೆ. ದೇವರ ದರ್ಶನ ಮೊದಲು ಎಂಬ ಸಂಪ್ರದಾಯ ಒಂದು ಕಾರಣ, ತಿಂಡಿಯ ಅಂಗಡಿಗಳು ಅಲ್ಲಿರುವುದು ಇನ್ನೊಂದು. ನಾನಾದರೆ ಅರಮನೆ ಆವರಣದಿಂದ ಶುರು ಮಾಡುತ್ತೇನೆ. ಅಲ್ಲಿ ನೆರಳೇ ಇಲ್ಲ. ಅಲ್ಲಿನ ಎತ್ತರದ ಕಲ್ಲಿನ ಜಗಲಿಯಾದ ಮಹಾನವಮಿ ದಿಬ್ಬದ ಮೇಲೆ ಮಧ್ಯಾಹ್ನ ಎರಡಕ್ಕೆ ನಿಂತ ಮಲೆನಾಡಿನವರ ಮುಖ ನೋಡಿದರೆ ಸಾಕು, ವಿವರಣೆ ಬೇಡ. ಅಲ್ಲದೆ ಕಿವಿಗೊಟ್ಟು ಕೇಳಬೇಕಾದ ಜಾಗ ಅದು. ತಿಂಡಿ ಹೊಸಪೇಟೆಯಲ್ಲೇ ಮುಗಿಸಿ, ಎಂಟೂವರೆಗೆ ನೇರವಾಗಿ ಅಲ್ಲಿಗೆ ಹೋಗಿ.

ಗೈಡ್ ಬೇಕಾದದ್ದೂ ಅಲ್ಲಿಯೇ. ವಿರೂಪಾಕ್ಷ ಗುಡಿ ನಮ್ಮ ಕಣ್ಣಿಗೆ ಹೊಸದಲ್ಲ: ಗೋಪುರ, ಪ್ರಾಕಾರ, ರಂಗಮಂಟಪ, ಗರ್ಭಗುಡಿ, ಯಾರೂ ಹೇಳಿಕೊಡದೆ ಕಾಲು ದಾರಿ ಹಿಡಿಯುತ್ತದೆ. ಅರಮನೆ ಆವರಣದಲ್ಲಿ ಹಾಗಲ್ಲ. ವಿಜಯನಗರ ಸೋತ 1565ರ ಯುದ್ಧದ ನಂತರದ ಲೂಟಿಯಲ್ಲಿ ಮರದ ಮಾಡು, ಕಂಬಗಳೆಲ್ಲ ಹೋದವು. ಅರಮನೆಗಳಿದ್ದ ಜಾಗದಲ್ಲಿ ಈಗ ಕಾಣುವುದು ಕಲ್ಲಿನ ತಳಪಾಯ ಮಾತ್ರ. ಗೊತ್ತಿಲ್ಲದವರಿಗೆ ಅದು ಬರೀ ಬಯಲು. "ಇಷ್ಟು ದೂರ ಬಂದದ್ದು ಈ ಕಲ್ಲು ನೋಡಲಿಕ್ಕಾ" ಎಂದು ಮಕ್ಕಳು ಕೇಳುವುದೂ ಇಲ್ಲೇ.

ಇಲ್ಲಿನ ಪುಷ್ಕರಣಿಯನ್ನೇ ತೆಗೆದುಕೊಳ್ಳಿ. ಮಣ್ಣಿನಡಿ ಹೂತಿದ್ದ ಇದು ಹೊರಬಂದದ್ದು 1980ರ ದಶಕದ ಉತ್ಖನನದಲ್ಲಿ. ಕಪ್ಪುಕಲ್ಲಿನ ಮೆಟ್ಟಿಲುಗಳು ಹಂತಹಂತವಾಗಿ ಕೆಳಗಿಳಿಯುತ್ತವೆ, ಎಲ್ಲರೂ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಒಳ್ಳೆಯ ಗೈಡ್ ನಿಮ್ಮನ್ನು ನಿಲ್ಲಿಸಿ ಕಲ್ಲಿನ ಮೈ ತೋರಿಸುತ್ತಾನೆ. ಅಲ್ಲಿ ಸಣ್ಣ ಅಕ್ಷರ, ಅಂಕಿಗಳಿವೆ: ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು ಎಂದು ಕಲ್ಲುಕುಟಿಗರು ಹಾಕಿಕೊಂಡ ಗುರುತುಗಳು. ಕಲ್ಲುಗಳನ್ನು ಬೇರೆ ಕಡೆ ಕಡೆದು ಸಿದ್ಧ ಮಾಡಿ, ತಂದು ಇಲ್ಲಿ ಜೋಡಿಸಿದ್ದಾರೆ. ಪಕ್ಕದಲ್ಲಿ ಕಲ್ಲಿನ ಕಂಬಗಳ ಮೇಲೆ ಹಾದುಬರುವ, ದೋಣಿಯಾಕಾರದ ಕಲ್ಲಿನ ಕಾಲುವೆಯಲ್ಲಿ ಇದಕ್ಕೆ ನೀರು ಬರುತ್ತಿತ್ತು. ಅಡಿಕೆ ತೋಟಕ್ಕೆ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ನೀರು ಹಾಯಿಸಿದ ಊರಿನವರಿಗೆ ಆ ಏರ್ಪಾಡನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಗೈಡ್‌ನ ಯೋಗ್ಯತೆ ಅಳೆಯಲೂ ಇದೇ ಜಾಗ ಸಾಕು. ಅಕ್ಷರಗಳ ಸುದ್ದಿಯನ್ನೇ ಎತ್ತದೆ, ವಜ್ರ ವೈಡೂರ್ಯವನ್ನು ಸೇರಿನಲ್ಲಿ ಅಳೆದ ಕಥೆಗೆ ಹಾರಿದರೆ ನಿಮಗೆ ಸಿಕ್ಕವನು ಮಾತುಗಾರ, ಅಷ್ಟೆ.

ಪ್ರವಾಸೋದ್ಯಮ ಇಲಾಖೆಯ ಮಾನ್ಯತೆ ಪಡೆದ ಗೈಡ್‌ಗಳ ಬಳಿ ಗುರುತಿನ ಚೀಟಿ ಇರುತ್ತದೆ, ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ದರ, ಹೊತ್ತು, ಭಾಷೆ ಮೂರನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಪ್ಯಾಕೇಜಿನಲ್ಲಿ ಗೈಡ್ ಸೇರಿದ್ದರೆ ಅವನು ಹಂಪಿಯವನೋ ಅಥವಾ ಶಿರಸಿಯಿಂದಲೇ ಗಾಡಿಯಲ್ಲಿ ಬರುವ ಹುಡುಗನೋ ವಿಚಾರಿಸಿ. ಎರಡನೆಯದಾದರೆ ಊಟ, ಟಿಕೆಟ್ ನೋಡಿಕೊಳ್ಳಲು ಅವನು ಒಳ್ಳೆಯವನೇ ಇರಬಹುದು, ಆದರೆ ಅರಮನೆ ಆವರಣಕ್ಕೆ ಸ್ಥಳೀಯ ಗೈಡ್ ಒಬ್ಬನನ್ನು ಅರ್ಧ ದಿನಕ್ಕೆ ಬೇರೆ ಹಿಡಿಯಿರಿ.

ಉತ್ತರ ಕನ್ನಡದವರು ಹಂಪಿಯಲ್ಲಿ ಹುಡುಕಬೇಕಾದ ವಸ್ತು ಒಂದಿದೆ. ಅದು ಕುದುರೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಒಳ್ಳೆಯ ಕುದುರೆಗಳು ಅರಬ್ಬೀ ಸಮುದ್ರದಾಚೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಭಟ್ಕಳದಂಥ ನಮ್ಮ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ, ರಾಜಧಾನಿ ಸೇರುತ್ತಿದ್ದವು. ಅರಸ ವರ್ಷಕ್ಕೆ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜಿನ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಎರಡನೇ ದೇವರಾಯನ ಆಸ್ಥಾನಕ್ಕೆ 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಊರಿಗೆ ಮರಳಲು ಹಡಗು ಹತ್ತಿದ್ದು ಹೊನ್ನಾವರದಲ್ಲಿ. ನೀವು ಈಗ ಟಿಟಿಯಲ್ಲಿ ಒಂದು ನಸುಕಿನಲ್ಲಿ ಮುಗಿಸುವ ಪ್ರಯಾಣಕ್ಕೆ ಅವರಿಗೆ ವಾರಗಳು ಬೇಕಾಗುತ್ತಿದ್ದವು.

ಮಕ್ಕಳಿಗೆ ಇದನ್ನು ದಾರಿಯಲ್ಲೇ ಹೇಳಿ, ಕುದುರೆ ಹುಡುಕುವ ಕೆಲಸ ಕೊಡಿ. ಅರಮನೆ ಆವರಣದಲ್ಲಿರುವ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಹೊರಮೈಯಲ್ಲಿ ಸಾಲುಸಾಲು ಉಬ್ಬುಶಿಲ್ಪಗಳಿವೆ: ಕೆಳಗೆ ಆನೆ, ಅದರ ಮೇಲೆ ಕುದುರೆ, ಆಮೇಲೆ ಸೈನಿಕರು, ಕುಣಿಯುವವರು. ಮಹಾನವಮಿ ದಿಬ್ಬದ ಬದಿಯಲ್ಲಿ ಬೇರೆ ದೇಶದ ಉಡುಗೆ ತೊಟ್ಟವರನ್ನೂ ಕುದುರೆಗಳನ್ನೂ ಕಾಣಬಹುದು. ದಿಬ್ಬದ ಮೇಲೆ ಹತ್ತಲಾಗದ ಹಿರಿಯರು ಕೆಳಗೇ ಸುತ್ತು ಬಂದರೆ ನಷ್ಟವೇನೂ ಇಲ್ಲ, ಶಿಲ್ಪಗಳಿರುವುದು ಬದಿಯಲ್ಲೇ. ಕೊನೆಯ ಕುದುರೆ ವಿಠ್ಠಲನ ಕಲ್ಲಿನ ರಥದಲ್ಲಿದೆ. ಅದನ್ನು ಕಂಡುಹಿಡಿಯುವುದು ಸ್ವಲ್ಪ ಕಷ್ಟ, ಮುಂದೆ ಹೇಳುತ್ತೇನೆ.

ಕಮಲ ಮಹಲ್ ಮತ್ತು ಹನ್ನೊಂದು ಕೋಣೆಗಳ ಗಜಶಾಲೆ ನೋಡುವಷ್ಟರಲ್ಲಿ ಹನ್ನೊಂದು ಗಂಟೆ. ಇಲ್ಲಿ ಕೊಂಡ ಟಿಕೆಟ್ಟನ್ನು ಎಸೆಯಬೇಡಿ. ಅದೇ ದಿನ ವಿಠ್ಠಲ ದೇವಾಲಯಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದೇ ನಡೆಯುತ್ತದೆ; ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಲ್ಲಿಂದ ವಿರೂಪಾಕ್ಷಕ್ಕೆ ಹೋಗುವ ದಾರಿಯಲ್ಲಿ ಉಗ್ರನರಸಿಂಹ ಸಿಗುತ್ತಾನೆ. 1528ರಲ್ಲಿ ಕೃಷ್ಣದೇವರಾಯ ಮಾಡಿಸಿದ, ಆರೂವರೆ ಮೀಟರಿಗೂ ಎತ್ತರದ ಮೂರ್ತಿ. ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ. ಹತ್ತು ನಿಮಿಷ ಸಾಕು.

ವಿರೂಪಾಕ್ಷದಲ್ಲಿ ಮಧ್ಯಾಹ್ನ ದರ್ಶನ ನಿಲ್ಲುತ್ತದೆ, ಹನ್ನೆರಡರೊಳಗೆ ಒಳಗಿರಿ. ಪೂರ್ವದ ಗೋಪುರ ಸುಮಾರು ಐವತ್ತು ಮೀಟರ್ ಎತ್ತರ. ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ ಅದೇ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ತಪ್ಪದೆ ನೋಡಿ. ಇದರಲ್ಲಿ ಪವಾಡವಿಲ್ಲ. ಎದುರಿನ ಸಣ್ಣ ಕಿಂಡಿಯೊಂದರಿಂದ ಬೆಳಕು ನೇರ ಗೆರೆಯಲ್ಲಿ ಒಳಬರುತ್ತದೆ, ಮೇಲಿನದು ಕೆಳಗೆ ಬೀಳುತ್ತದೆ, ಕೆಳಗಿನದು ಮೇಲೆ. ಶಾಲೆಯಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಮಾಡುವ ಸೂಜಿರಂಧ್ರ ಕ್ಯಾಮೆರಾವೇ ಇದು. ಚಪ್ಪಲಿ ಹೊರಗೆ ಬಿಟ್ಟ ಮೇಲೆ ಅಂಗಳದ ಚಪ್ಪಡಿ ಸುಡುತ್ತದೆ; ಹಿರಿಯರಿಗೆ ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿಯಬೇಡಿ, ಮಂಗಗಳು ಅದಕ್ಕೇ ಕಾದಿರುತ್ತವೆ.

ಊಟ ಕಮಲಾಪುರದಲ್ಲಿ. ಊಟವಾದ ಮೇಲಿನ ಸುಡು ಹೊತ್ತನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕಳೆಯಬಹುದು. ಇಡೀ ಹಂಪಿಯ ಮಾದರಿಯೊಂದು ಅಲ್ಲಿದೆ, ಬೆಳಗ್ಗೆ ನಡೆದ ದಾರಿಯನ್ನು ಮಕ್ಕಳು ಬೆರಳಿಟ್ಟು ತೋರಿಸುತ್ತಾರೆ. ಶುಕ್ರವಾರ ಬಾಗಿಲು ತೆರೆಯುವುದಿಲ್ಲ, ನೆನಪಿರಲಿ.

ಮೂರರ ಹೊತ್ತಿಗೆ ವಿಠ್ಠಲ ದೇವಾಲಯ. ಗಾಡಿ ದೂರದಲ್ಲೇ ನಿಲ್ಲುತ್ತದೆ. ಮುಂದೆ ಬ್ಯಾಟರಿ ಗಾಡಿ. ಶನಿವಾರ, ಭಾನುವಾರ ಅದರ ಸರತಿಯೇ ಮುಕ್ಕಾಲು ತಾಸು ನುಂಗಬಹುದು, ಆದ್ದರಿಂದ ಸಾಧ್ಯವಾದರೆ ವಾರದ ನಡುವಿನ ದಿನ ಆರಿಸಿ. ಸಂಗೀತ ಕಂಬಗಳನ್ನು ತಟ್ಟುವುದು ನಿಷಿದ್ಧ. ಗೈಡ್ ಗುಟ್ಟಾಗಿ ತಟ್ಟಿ ತೋರಿಸುತ್ತೇನೆ ಎಂದರೆ ಬೇಡವೆನ್ನಿ. ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ರಥ ಇಲ್ಲಿಯದೇ. ಅದು ಏಕಶಿಲೆಯದೆಂದು ಹೇಳುವವರಿದ್ದಾರೆ. ಅಲ್ಲ, ಹಲವು ಕಲ್ಲುಗಳನ್ನು ಬೆಸುಗೆ ಕಾಣದಂತೆ ಜೋಡಿಸಿದ ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರವೂ ಇತ್ತು, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಈಗ ಮುಂದಿರುವ ಎರಡು ಆನೆಗಳು ಆಮೇಲೆ ಬೇರೆಡೆಯಿಂದ ತಂದಿಟ್ಟವು. ಬದಿಗೆ ಸರಿದು ಆನೆಗಳ ಹಿಂದೆ ಬಗ್ಗಿ ನೋಡಿದರೆ ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲದ ಗುರುತು ಸಿಗುತ್ತದೆ. ಮಕ್ಕಳ ಹುಡುಕಾಟ ಅಲ್ಲಿಗೆ ಮುಗಿಯಿತು.

ನಾಲ್ಕೂವರೆಗೆ ಗಾಡಿ ಹತ್ತಿ.

ಹೊರಡುವ ತಿಂಗಳು ನವೆಂಬರ್‌ನಿಂದ ಫೆಬ್ರವರಿಯೊಳಗಿರಲಿ, ಹಂಪಿ ಉತ್ಸವದ ದಿನಗಳನ್ನು ಬಿಟ್ಟು. ಏಪ್ರಿಲ್, ಮೇ ರಜೆಯಲ್ಲಿ ಹಿರಿಯರನ್ನು ಕರೆದೊಯ್ಯುವ ಮಾತೇ ಬೇಡ. ನಮ್ಮ ಕಡೆ ಬೆವರು ಧಾರೆಯಾಗಿ ಇಳಿಯುವುದರಿಂದ ಬಾಯಾರಿಕೆ ತಿಳಿಯುತ್ತದೆ. ಅಲ್ಲಿನ ಒಣ ಬಿಸಿಲಿನಲ್ಲಿ ಬೆವರು ಮೈಮೇಲೇ ಆರಿಹೋಗುತ್ತದೆ, ದಣಿವು ಗೊತ್ತಾಗುವಾಗ ತಡವಾಗಿರುತ್ತದೆ. ನೀರಿನ ಜೊತೆ ಮಜ್ಜಿಗೆಯೋ ಮಾವಿನಕಾಯಿಯ ಅಪ್ಪೆಹುಳಿಯೋ ಎರಡು ಬಾಟಲಿ ಇರಲಿ.

ಕಾರವಾರ, ಅಂಕೋಲಾ, ಕುಮಟಾದವರೂ ಇದೇ ಪ್ರಶ್ನೆ ಕೇಳುವುದುಂಟು. ಅವರಿಗೆ ನನ್ನ ಉತ್ತರ ಬೇರೆ: ಒಂದೇ ದಿನದಲ್ಲಿ ಬೇಡ. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೇ 160 ಕಿಲೋಮೀಟರ್ ದಾಟುತ್ತದೆ, ಹಂಪಿಗೆ 300ಕ್ಕೂ ಹೆಚ್ಚು. ಹೋಗುವುದಕ್ಕೆ ಆರೇಳು ತಾಸು, ಬರುವುದಕ್ಕೆ ಅಷ್ಟೇ. ನೋಡಲು ಉಳಿಯುವುದು ಏನು? ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಹೊಸಪೇಟೆಗೆ ರೈಲು ಹಿಡಿದು, ರಾತ್ರಿ ಅಲ್ಲೇ ಮಲಗಿ. ಬೆಳಗ್ಗೆ ಬೆಳಕು ಹರಿಯುವಾಗ ಹೇಮಕೂಟ ಗುಡ್ಡ ಹತ್ತಿ ಇಳಿದು, ಎಂಟೂವರೆಯಿಂದ ಮೇಲೆ ಹೇಳಿದ ಕ್ರಮವನ್ನೇ ಹಿಡಿಯಬಹುದು.