ಫೋನನ್ನೇ ಮೋಡೆಮ್ ಮಾಡಿಕೊಳ್ಳುವುದು: ಅಧ್ಯಯನ ಟಿಪ್ಪಣಿ

ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡುವಾಗ (ಇದಕ್ಕೆ ಟೆದರಿಂಗ್ ಎನ್ನುತ್ತಾರೆ) ನಡುವೆ ಎರಡು ಕೊಂಡಿಗಳಿರುತ್ತವೆ. ಟವರ್‌ನಿಂದ ಫೋನ್‌ವರೆಗೆ ಮೊದಲನೆಯದು, ಫೋನಿನಿಂದ ಕಂಪ್ಯೂಟರ್‌ವರೆಗೆ ಎರಡನೆಯದು. "ನೆಟ್ ಬರ್ತಿಲ್ಲ" ಅನ್ನಿಸಿದಾಗ ಇವೆರಡರಲ್ಲಿ ಯಾವುದು ಕೆಟ್ಟಿದೆ ಎಂದು ಮೊದಲು ತಿಳಿದುಕೊಳ್ಳಬೇಕು. ಅದನ್ನು ಬಿಟ್ಟು ಸಿಕ್ಕ ಸೆಟ್ಟಿಂಗನ್ನೆಲ್ಲ ಬದಲಿಸುತ್ತ ಹೋದರೆ, ಸರಿಯಿದ್ದ ಕೊಂಡಿಯೂ ಹಾಳಾಗುತ್ತದೆ. ಮುಂದಿನದನ್ನೆಲ್ಲ ಈ ವಿಂಗಡಣೆ ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಹಿಂದಿನ ಕ್ರಮ, ಈಗಿನ ಕ್ರಮ

ಜಿಪಿಆರ್‌ಎಸ್ (2ಜಿ ಜಾಲದ ನಿಧಾನದ ಇಂಟರ್ನೆಟ್) ಕಾಲದಲ್ಲಿ ಫೋನ್ ನಿಜವಾಗಿಯೂ ಮೋಡೆಮ್ ಆಗಿತ್ತು. ಡೇಟಾ ಕೇಬಲ್ ಇಲ್ಲವೇ ಬ್ಲೂಟೂತ್ ಮೂಲಕ ಜೋಡಿಸಿದರೆ ಕಂಪ್ಯೂಟರಿನಲ್ಲಿ ಅದು ಒಂದು ಕಾಮ್ ಪೋರ್ಟ್ (ಮೋಡೆಮ್‌ನಂಥ ಸಾಧನ ಕೂಡುವ ದ್ವಾರ) ಆಗಿ ಕಾಣುತ್ತಿತ್ತು. ಮೋಡೆಮ್‌ನ ಸೆಟ್ಟಿಂಗ್‌ನಲ್ಲಿ ಎಪಿಎನ್ (ಮೊಬೈಲ್ ಕಂಪನಿಯ ಇಂಟರ್ನೆಟ್ ಪ್ರವೇಶದ್ವಾರ) ಹೆಸರನ್ನು ಎಟಿ ಆಜ್ಞೆಯಾಗಿ (ಮೋಡೆಮ್‌ಗೆ ಕೊಡುವ ಪಠ್ಯರೂಪದ ಸೂಚನೆ) ಬರೆದು, ಡಯಲ್-ಅಪ್ ಕನೆಕ್ಷನ್ ಮಾಡಿ, *99# ಡಯಲ್ ಮಾಡಬೇಕಿತ್ತು. ಸಿಡಿಎಂಎ (ಆಗಿನ ಇನ್ನೊಂದು ಬಗೆಯ ಮೊಬೈಲ್ ಜಾಲ) ಫೋನ್ ಆದರೆ #777. ಆಮೇಲೆ ಪಿಪಿಪಿ ಎಂಬ ಪ್ರೋಟೋಕಾಲ್ ಮೂಲಕ ಕಂಪ್ಯೂಟರಿಗೇ ನೇರವಾಗಿ ಐಪಿ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಬರುತ್ತಿತ್ತು. ಆಗಿನ ವೇಗದಲ್ಲಿ, ಸೆಕೆಂಡಿಗೆ 40 ಕಿಲೋಬಿಟ್ ಸಿಕ್ಕಿತು ಎಂದುಕೊಂಡರೂ, 1 ಎಂಬಿ ಕಡತ ಇಳಿಯಲು 200 ಸೆಕೆಂಡ್ ಬೇಕು.

ಈಗಿನ ಸ್ಮಾರ್ಟ್‌ಫೋನ್ ಮೋಡೆಮ್ ಜೊತೆಗೆ ರೂಟರ್ ಕೆಲಸವನ್ನೂ ಮಾಡುತ್ತದೆ. ಟವರ್ ಕೊಟ್ಟ ವಿಳಾಸವನ್ನು ತಾನೇ ಇಟ್ಟುಕೊಂಡು, ಕಂಪ್ಯೂಟರಿಗೆ ಒಳಗಿನ ಒಂದು ಖಾಸಗಿ ವಿಳಾಸ ಹಂಚುತ್ತದೆ. ಆಂಡ್ರಾಯ್ಡ್‌ನಲ್ಲಿ ಈ ಸೌಲಭ್ಯ 2010ರ 2.2 ಆವೃತ್ತಿಯಲ್ಲಿ ಬಂತು. ಹೀಗಾಗಿ ಡಯಲ್ ಮಾಡುವ ಗೋಜು ಹೋಯಿತು, ಆದರೆ ತೊಂದರೆ ಬರುವ ಜಾಗಗಳೂ ಬದಲಾದವು. ಹಳೆಯ ಪುಸ್ತಕದ ಡಯಲ್-ಅಪ್ ಹಂತಗಳನ್ನು ಈಗಿನ ಫೋನಿನ ಮೇಲೆ ಪ್ರಯೋಗಿಸಿದರೆ ಏನೂ ಆಗುವುದಿಲ್ಲ.

ಯುಎಸ್‌ಬಿ ಟೆದರಿಂಗ್

ಒಂದೇ ಕಂಪ್ಯೂಟರ್, ಮೇಜಿನ ಮೇಲೆ ಕೂತು ಕೆಲಸ ಅಂದರೆ ಮೊದಲ ಆಯ್ಕೆ ಇದೇ ಆಗಬೇಕು. ಪಾಸ್‌ವರ್ಡ್ ಬೇಡ, ಅಕ್ಕಪಕ್ಕದ ವೈ-ಫೈಗಳ ಅಡ್ಡಿಯಿಲ್ಲ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ.

ಆಂಡ್ರಾಯ್ಡ್‌ನಲ್ಲಿ ಕ್ರಮ ಹೀಗೆ: ಮೊಬೈಲ್ ಡೇಟಾ ಆನ್ ಮಾಡಿ, ಕೇಬಲ್ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದ ಒಳಗೆ "ಹಾಟ್‌ಸ್ಪಾಟ್ ಮತ್ತು ಟೆದರಿಂಗ್"ಗೆ ಹೋಗಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಕೇಬಲ್ ಚುಚ್ಚದೆ ಹೋದರೆ ಆ ಆಯ್ಕೆ ಮಸುಕಾಗಿಯೇ ಇರುತ್ತದೆ. ಚುಚ್ಚಿದ ಮೇಲೂ ಮಸುಕಾಗಿದ್ದರೆ ಅನುಮಾನ ಪಡಬೇಕಾದದ್ದು ಕೇಬಲ್ಲನ್ನೇ. ಯುಎಸ್‌ಬಿ 2.0 ಕೇಬಲ್ಲಿನಲ್ಲಿ ನಾಲ್ಕು ತಂತಿಗಳಿರುತ್ತವೆ: ಎರಡು ವಿದ್ಯುತ್ತಿಗೆ, ಎರಡು ಡೇಟಾಕ್ಕೆ. ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾದ ಎರಡು ತಂತಿಗಳನ್ನು ಹಾಕಿರುವುದೇ ಇಲ್ಲ. ಫೋನ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಏನೋ ಬಂದು ಕೂತಿದೆ ಎಂಬುದೂ ತಿಳಿಯುವುದಿಲ್ಲ. ಅದೇ ಕೇಬಲ್ಲಿನಲ್ಲಿ ಫೋಟೋ ನಕಲು ಮಾಡಲು ಆಗುತ್ತದೆಯೇ ಎಂದು ನೋಡಿ. ಆಗದಿದ್ದರೆ ಬೇರೆ ಕೇಬಲ್ ತನ್ನಿ, ಸೆಟ್ಟಿಂಗ್ ಹುಡುಕಬೇಡಿ.

ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಆನ್ ಮಾಡುವುದು ಬೇಸರವಾದರೆ, ಡೆವಲಪರ್ ಆಯ್ಕೆಗಳಲ್ಲಿ (ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಮರೆಯಲ್ಲಿರುವ ವಿಭಾಗ) "ಡೀಫಾಲ್ಟ್ ಯುಎಸ್‌ಬಿ ಕಾನ್ಫಿಗರೇಶನ್" ಅನ್ನು ಟೆದರಿಂಗ್‌ಗೆ ಇಟ್ಟುಕೊಳ್ಳಬಹುದು.

ಕಂಪ್ಯೂಟರಿನ ಕಡೆಯಿಂದ ನೋಡಿದರೆ ಫೋನ್ ಒಂದು ಈಥರ್ನೆಟ್ ಕಾರ್ಡಿನಂತೆ ಕಾಣುತ್ತದೆ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳು ಇದಕ್ಕೆ ಮೈಕ್ರೋಸಾಫ್ಟ್‌ನ ಆರ್‌ಎನ್‌ಡಿಐಎಸ್ ವಿಧಾನ ಬಳಸುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಇದರ ಡ್ರೈವರ್ ಮೊದಲೇ ಇದೆ, ಲಿನಕ್ಸ್ ಕರ್ನಲ್ ಒಳಗೂ ಇದೆ. ಮ್ಯಾಕ್‌ನಲ್ಲಿ ಮಾತ್ರ ಇಲ್ಲ. ಆರ್‌ಎನ್‌ಡಿಐಎಸ್ ಬಳಸುವ ಫೋನನ್ನು ಮ್ಯಾಕ್‌ಗೆ ಚುಚ್ಚಿ ಕಾಯುತ್ತ ಕೂತರೆ ಪ್ರಯೋಜನವಿಲ್ಲ, ಹಾಟ್‌ಸ್ಪಾಟ್ ಬಳಸಿ. ಐಫೋನ್‌ನದು ಬೇರೆ ದಾರಿ: ವಿಂಡೋಸ್‌ನಲ್ಲಿ ಆ್ಯಪಲ್‌ನ ಡ್ರೈವರ್ ಬೇಕು, ಅದು ಐಟ್ಯೂನ್ಸ್ ಜೊತೆ ಬರುತ್ತದೆ. ಮೊದಲ ಸಲ ಜೋಡಿಸಿದಾಗ ಫೋನ್ ಪರದೆಯ ಮೇಲೆ "ಟ್ರಸ್ಟ್" ಒತ್ತಲೇಬೇಕು.

ಇಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಉಪಯೋಗವಿದೆ. ಆಂಡ್ರಾಯ್ಡ್ ಫೋನ್ ಮನೆಯ ವೈ-ಫೈಗೆ ಸೇರಿರುವಾಗ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಆ ವೈ-ಫೈ ಸಂಪರ್ಕವೇ ಕಂಪ್ಯೂಟರಿಗೆ ಹೋಗುತ್ತದೆ, ಸಿಮ್‌ನ ಡೇಟಾ ಖರ್ಚಾಗುವುದಿಲ್ಲ. ವೈ-ಫೈ ಇಲ್ಲದ ಹಳೆಯ ಡೆಸ್ಕ್‌ಟಾಪ್‌ಗೆ ಇದು ಒಳ್ಳೆಯ ಉಪಾಯ. ಹೊಸದಾಗಿ ಲಿನಕ್ಸ್ ಹಾಕಿದ ಲ್ಯಾಪ್‌ಟಾಪಿನಲ್ಲಿ ವೈ-ಫೈ ಡ್ರೈವರ್ ಇಲ್ಲ, ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಇಲ್ಲ ಎಂಬ ಬಿಕ್ಕಟ್ಟಿನಿಂದ ಹೊರಬರಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ವೈ-ಫೈ ಹಾಟ್‌ಸ್ಪಾಟ್

ಎರಡು ಮೂರು ಸಾಧನಗಳಿದ್ದರೆ ಹಾಟ್‌ಸ್ಪಾಟ್ ಬೇಕೇಬೇಕು. ಇನ್ನೊಂದು ಸಂದರ್ಭದಲ್ಲಿ ಒಂದೇ ಕಂಪ್ಯೂಟರ್ ಇದ್ದರೂ ಇದು ಕೇಬಲ್ಲಿಗಿಂತ ಮೇಲು. ಮಲೆನಾಡಿನ ಕಡೆ ದಪ್ಪ ಗೋಡೆಯ ಮನೆಗಳಲ್ಲಿ ಸಿಗ್ನಲ್ ಅಟ್ಟದ ಕಿಟಕಿಯಲ್ಲೋ ಜಗಲಿಯ ತುದಿಯಲ್ಲೋ ಮಾತ್ರ ಸಿಗುತ್ತದೆ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಆನ್ ಮಾಡಿ, ಕೆಳಗೆ ಕೂತು ಓದಬಹುದು. ಕೇಬಲ್ಲಿನಲ್ಲಾದರೆ ಫೋನ್ ಲ್ಯಾಪ್‌ಟಾಪ್ ಪಕ್ಕದಲ್ಲೇ ಇರಬೇಕಾಗುತ್ತದೆ, ಮೊದಲ ಕೊಂಡಿಯೇ ಸೊರಗುತ್ತದೆ. ಯುಎಸ್‌ಬಿ 2.0 ಕೇಬಲ್ಲಿನ ಉದ್ದದ ಮಿತಿಯೇ 5 ಮೀಟರ್.

ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಗಮನಿಸಬೇಕಾದ್ದು ಬ್ಯಾಂಡ್. 5 ಗಿಗಾಹರ್ಟ್ಜ್ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಜ್ ದೂರ ಹೋಗುತ್ತದೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ನೆರೆಮನೆಗಳ ರೂಟರ್‌ಗಳೆಲ್ಲ ಅದೇ ಜಾಗದಲ್ಲಿ ಕಿಕ್ಕಿರಿದಿರುತ್ತವೆ. ಬ್ಲೂಟೂತ್ ಕೂಡ 2.4ರಲ್ಲೇ ಇದೆ. ಆದ್ದರಿಂದ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಆನ್‌ಲೈನ್ ತರಗತಿ ಕೇಳುವಾಗ ದನಿ ಕಡಿದು ಕಡಿದು ಬಂದರೆ, ಹಾಟ್‌ಸ್ಪಾಟನ್ನು 5ಕ್ಕೆ ಬದಲಿಸಿ ನೋಡಿ. ಹಳೆಯ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಹಾಟ್‌ಸ್ಪಾಟಿನ ಹೆಸರೇ ಕಾಣದಿದ್ದರೆ ಅದಕ್ಕೆ 5 ಗಿಗಾಹರ್ಟ್ಜ್ ಹಿಡಿಯುವ ಶಕ್ತಿ ಇರಲಿಕ್ಕಿಲ್ಲ, 2.4ಕ್ಕೆ ಇಳಿಸಿ. ಹೆಸರು ಕಂಡರೂ ಸೇರಲು ಆಗದಿದ್ದರೆ ಭದ್ರತೆಯನ್ನು ಡಬ್ಲ್ಯುಪಿಎ3ರಿಂದ ಡಬ್ಲ್ಯುಪಿಎ2ಗೆ ಬದಲಿಸಿ. ಐಫೋನ್ 12 ಮತ್ತು ನಂತರದವುಗಳಲ್ಲಿ "ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ" ಆನ್ ಮಾಡಿದರೆ ಅದು 2.4ಕ್ಕೆ ಬರುತ್ತದೆ.

ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು. ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಬೇಡಿ.

ಹಾಟ್‌ಸ್ಪಾಟ್ ಆಗಾಗ ತಾನಾಗಿ ಆಫ್ ಆಗುವುದಕ್ಕೆ ಕಾರಣ ಸಾಮಾನ್ಯವಾಗಿ "ಯಾವ ಸಾಧನವೂ ಸೇರಿಲ್ಲದಿದ್ದರೆ ಆಫ್ ಮಾಡು" ಎಂಬ ಆಯ್ಕೆ, ಇಲ್ಲವೇ ಬ್ಯಾಟರಿ ಸೇವರ್. ಆಂಡ್ರಾಯ್ಡ್‌ನ ಡೇಟಾ ಸೇವರ್ ಆನ್ ಇದ್ದರೆ ಹಾಟ್‌ಸ್ಪಾಟ್ ಶುರುವೇ ಆಗದಿರಬಹುದು, ಅದನ್ನೂ ನೋಡಿ.

ಬ್ಲೂಟೂತ್ ಟೆದರಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೆಚ್ಚೆಂದರೆ ಸೆಕೆಂಡಿಗೆ 1ರಿಂದ 2 ಮೆಗಾಬಿಟ್ ಸಿಗುತ್ತದೆ. ಬ್ಯಾಟರಿ ಕಡಿಮೆ ತಿನ್ನುತ್ತದೆ ಎಂಬುದೇ ಅದರ ಗುಣ. ಇಮೇಲ್, ಪಠ್ಯ ಓದುವುದು, ಅರ್ಜಿ ತುಂಬುವುದು ಇಷ್ಟಕ್ಕೆ ಸಾಕು.

ಯಾವ ಕೊಂಡಿ ಕೆಟ್ಟಿದೆ?

ಮೊದಲು ಫೋನಿನ ವೈ-ಫೈ ಆಫ್ ಮಾಡಿ, ಫೋನಿನಲ್ಲೇ ಒಂದು ಹೊಸ ಪುಟ ತೆರೆಯಿರಿ. ತೆರೆಯದಿದ್ದರೆ ತೊಂದರೆ ಮೊದಲ ಕೊಂಡಿಯಲ್ಲಿದೆ, ಲ್ಯಾಪ್‌ಟಾಪ್ ಮುಟ್ಟುವ ಅಗತ್ಯವೇ ಇಲ್ಲ.

ಫೋನಿನಲ್ಲಿ ಚೆನ್ನಾಗಿ ಬರುತ್ತಿದ್ದರೆ ಕಂಪ್ಯೂಟರಿಗೆ ಬನ್ನಿ. ಅದರ ಐಪಿ ವಿಳಾಸ ನೋಡಿ. 169.254 ಎಂದು ಶುರುವಾದರೆ ಫೋನಿನಿಂದ ವಿಳಾಸವೇ ಬಂದಿಲ್ಲ ಎಂದರ್ಥ. ಟೆದರಿಂಗ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಕಂಪ್ಯೂಟರಿನಲ್ಲಿ ಹಿಂದೆಂದೋ ಕೈಯಾರೆ ಹಾಕಿದ ಸ್ಥಿರ ವಿಳಾಸ ಉಳಿದಿದ್ದರೂ ಸಂಪರ್ಕ ಕೂಡುವುದಿಲ್ಲ, ಅದನ್ನು "ಆಟೋಮ್ಯಾಟಿಕ್"ಗೆ ತನ್ನಿ. ಐಫೋನ್ ಆದರೆ ವಿಳಾಸ 172.20.10ರಿಂದ ಶುರುವಾಗಬೇಕು. ಹಳೆಯ ಆಂಡ್ರಾಯ್ಡ್‌ಗಳಲ್ಲಿ ವೈ-ಫೈಗೆ 192.168.43, ಯುಎಸ್‌ಬಿಗೆ 192.168.42 ಇರುತ್ತಿತ್ತು, ಹೊಸ ಆವೃತ್ತಿಗಳಲ್ಲಿ ಇದು ಬದಲಾಗುತ್ತಿರುತ್ತದೆ.

ವಿಳಾಸ ಸರಿಯಿದ್ದರೆ ಮೂರು ಪಿಂಗ್ (ಒಂದು ವಿಳಾಸದಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ) ಸಾಕು. ಮೊದಲು ಗೇಟ್‌ವೇ ವಿಳಾಸಕ್ಕೆ, ಅಂದರೆ ಫೋನಿಗೆ. ಆಮೇಲೆ ಗೂಗಲ್‌ನ ಸಾರ್ವಜನಿಕ ಸರ್ವರ್ ಆದ 8.8.8.8ಕ್ಕೆ. ಕೊನೆಗೆ ಯಾವುದಾದರೂ ಜಾಲತಾಣದ ಹೆಸರಿಗೆ. ಮೊದಲನೆಯದೇ ಸೋತರೆ ಕೇಬಲ್, ಡ್ರೈವರ್ ಅಥವಾ ವೈ-ಫೈ ದೋಷ. ಎರಡನೆಯದು ಸೋತರೆ ಫೋನ್ ತನಗೆ ಬಂದದ್ದನ್ನು ಮುಂದಕ್ಕೆ ದಾಟಿಸುತ್ತಿಲ್ಲ. ಮೂರನೆಯದು ಮಾತ್ರ ಸೋತರೆ ಡಿಎನ್‌ಎಸ್ (ತಾಣದ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆ) ದೋಷ, ಕಂಪ್ಯೂಟರಿನಲ್ಲಿ ಡಿಎನ್‌ಎಸ್ 8.8.8.8 ಎಂದು ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಈ ಪರೀಕ್ಷೆ ಮಾಡುವಾಗ ಲ್ಯಾಪ್‌ಟಾಪಿನಲ್ಲಿ ಬೇರೆ ವೈ-ಫೈ ಸಂಪರ್ಕ ಇರಬಾರದು. ಎರಡು ದಾರಿ ತೆರೆದಿದ್ದರೆ ಉತ್ತರ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ.

ಎರಡನೆಯ ಪಿಂಗ್ ಸೋಲುವ ಸ್ಥಿತಿ, ಅಂದರೆ ಫೋನಿನಲ್ಲಿ ನೆಟ್ ಇದೆ, ಲ್ಯಾಪ್‌ಟಾಪಿನಲ್ಲಿ ಇಲ್ಲ ಎಂಬುದು ಹೊಸಬರನ್ನು ಹೆಚ್ಚು ಕಾಡುವಂಥದ್ದು. ಇದರ ಮೂಲ ಎಷ್ಟೋ ಸಲ ಎಪಿಎನ್‌ನಲ್ಲಿರುತ್ತದೆ. ಎಪಿಎನ್ ಸೆಟ್ಟಿಂಗಿನಲ್ಲಿ "ಎಪಿಎನ್ ಟೈಪ್" ಎಂಬ ಒಂದು ಜಾಗವಿದೆ. ಟೆದರಿಂಗ್‌ಗೆ ಪ್ರತ್ಯೇಕ ಗುರುತು ಕೇಳುವ ಫೋನುಗಳಲ್ಲಿ ಆ ಪಟ್ಟಿಯಲ್ಲಿ dun (ಡಿ-ಯು-ಎನ್) ಎಂಬ ಮೂರಕ್ಷರ ಇರಬೇಕಾಗುತ್ತದೆ. ಇಲ್ಲದಿದ್ದರೆ ಅಲ್ಪವಿರಾಮ ಹಾಕಿ ಸೇರಿಸಿ. ಎಪಿಎನ್ ಪ್ರೋಟೋಕಾಲ್ "ಐಪಿವಿ4/ಐಪಿವಿ6" ಎಂದಿರಲಿ. ಕೈ ಹಾಕುವ ಮೊದಲು ಇದ್ದದ್ದನ್ನು ಬರೆದಿಟ್ಟುಕೊಳ್ಳಿ; ತಪ್ಪಿದರೆ "ರೀಸೆಟ್" ಒತ್ತಿ ಮೊದಲಿನ ಸ್ಥಿತಿಗೆ ತರಬಹುದು.

ಕೆಲವು ತಾಣ ತೆರೆಯುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ ಎಂದಾದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ (ಡೇಟಾ ತುಂಡಿನ) ಗರಿಷ್ಠ ಗಾತ್ರ, ನೋಡಿ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು, ಮೊಬೈಲ್ ಜಾಲದಲ್ಲಿ ಮಿತಿ ಅದಕ್ಕಿಂತ ಕಡಿಮೆ ಇರಬಹುದು. ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಕಂಪ್ಯೂಟರಿನ ಸಂಪರ್ಕಕ್ಕೆ 1400 ಕೊಟ್ಟು ನೋಡಿ.

ಮೊದಲ ಕೊಂಡಿಯನ್ನು ಬಲಪಡಿಸುವುದು

ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ, ಸಂಖ್ಯೆ ನೋಡಿ. ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ *#*#4636#*#* ಒತ್ತಿದರೆ ಸಿಗ್ನಲ್ ಬಲ ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ (ಸೊನ್ನೆಗೆ ಹತ್ತಿರವಿದ್ದಷ್ಟೂ ಬಲ ಹೆಚ್ಚು). 4ಜಿಯಲ್ಲಿ ‑80ರ ಆಸುಪಾಸು ಒಳ್ಳೆಯದು, ‑100 ನಡೆಯುತ್ತದೆ, ‑110ರಿಂದ ಕೆಳಗೆ ವೀಡಿಯೊ ತರಗತಿ ಕಷ್ಟ. ‑80ಕ್ಕೂ ‑110ಕ್ಕೂ ನಡುವಿನ 30 ಡೆಸಿಬಲ್ ಅಂದರೆ ಶಕ್ತಿಯಲ್ಲಿ ಸಾವಿರ ಪಟ್ಟು ವ್ಯತ್ಯಾಸ. ಆದ್ದರಿಂದಲೇ ಫೋನನ್ನು ಮೇಜಿನಿಂದ ಕಿಟಕಿಗೆ ಸರಿಸಿದರೆ ಆಗುವ ಲಾಭ ಯಾವ ಆ್ಯಪ್‌ನಿಂದಲೂ ಆಗುವುದಿಲ್ಲ.

ಕರೆ ಬಂದಾಗ ನೆಟ್ ನಿಂತರೆ ವೋಲ್ಟೆ (4ಜಿಯಲ್ಲೇ ಕರೆ ಮಾಡುವ ಸೌಲಭ್ಯ) ಆಫ್ ಇರಬಹುದು. ವೋಲ್ಟೆ ಇಲ್ಲದೆ ಕರೆ ಬಂದರೆ ಫೋನ್ 4ಜಿ ಬಿಟ್ಟು ಹಳೆಯ ಜಾಲಕ್ಕೆ ಇಳಿಯುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಇನ್ನೊಂದು ಸಿಮ್‌ಗೆ ಕರೆ ಬಂದರೂ ಡೇಟಾ ತಡೆಯುವುದುಂಟು, ಏಕೆಂದರೆ ಹಲವು ಫೋನ್‌ಗಳಲ್ಲಿ ಎರಡೂ ಸಿಮ್‌ಗೆ ಸೇರಿ ಇರುವುದು ಒಂದೇ ರೇಡಿಯೊ. ಆನ್‌ಲೈನ್ ಪರೀಕ್ಷೆ ಬರೆಯುವಾಗ ಎರಡನೆಯ ಸಿಮ್ ಆಫ್ ಮಾಡಿ, ಮೊದಲನೆಯದರಲ್ಲಿ ವೋಲ್ಟೆ ಆನ್ ಇದೆಯೇ ಎಂದು ಮುಂಚೆಯೇ ನೋಡಿಕೊಳ್ಳಿ.

ಬಿಸಿ ಮತ್ತು ಬ್ಯಾಟರಿ

ಹಾಟ್‌ಸ್ಪಾಟ್‌ನಲ್ಲಿ ಎರಡು ರೇಡಿಯೊಗಳು (ಮೊಬೈಲ್ ಜಾಲದ್ದು, ವೈ-ಫೈಯದು) ಒಟ್ಟಿಗೆ ದುಡಿಯುತ್ತವೆ. ಜೊತೆಗೆ ಚಾರ್ಜಿಂಗ್ ಸೇರಿದರೆ ಫೋನ್ ಬಿಸಿಯಾಗುತ್ತದೆ. ಬಿಸಿ ಏರಿದಂತೆ ಫೋನ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಐಫೋನ್ ಬಳಕೆಗೆ ಆ್ಯಪಲ್ ಹೇಳುವ ಹೊರಗಿನ ಉಷ್ಣಾಂಶದ ಮಿತಿ 35 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಅಲ್ಲಿ ಮಧ್ಯಾಹ್ನ ಕಿಟಕಿಯ ಬಿಸಿಲಿನಲ್ಲಿ ಫೋನ್ ಇಡಬೇಡಿ. ಕವರ್ ತೆಗೆದು, ಫ್ಯಾನಿನ ಗಾಳಿ ತಾಗುವಂತೆ ಇಡಿ. ಹಾಸಿಗೆ, ದಿಂಬಿನ ಮೇಲಂತೂ ಬೇಡ.

ಲ್ಯಾಪ್‌ಟಾಪಿನ ಸಾಮಾನ್ಯ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಮಾತ್ರ ಕೊಡುತ್ತದೆ, 3.0 ಪೋರ್ಟ್ 900. ಸಿಗ್ನಲ್ ದುರ್ಬಲವಿರುವ ಕಡೆ ಕೇಬಲ್ ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತ ಹೋಗುವುದು ಇದಕ್ಕೇ. 3.0 ಪೋರ್ಟಿಗೆ ಬದಲಿಸಿ.

ಡೇಟಾ ಸೋರಿಕೆ

ದಿನಕ್ಕೆ 1.5 ಜಿಬಿ ಪ್ಯಾಕ್ ಫೋನಿನಲ್ಲಿ ರಾತ್ರಿಯವರೆಗೂ ಬರುತ್ತದೆ, ಲ್ಯಾಪ್‌ಟಾಪಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯಬಹುದು. ಕಂಪ್ಯೂಟರ್ ಇದನ್ನು ಮಿತಿಯಿಲ್ಲದ ಸಂಪರ್ಕ ಎಂದುಕೊಂಡು ಅಪ್‌ಡೇಟ್, ಕ್ಲೌಡ್ ಬ್ಯಾಕಪ್ ಎಲ್ಲವನ್ನೂ ಶುರುಮಾಡುತ್ತದೆ. ಮಿತಿ ದಾಟಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಆಗ 1 ಎಂಬಿಗೆ ಸುಮಾರು ಎರಡು ನಿಮಿಷ: ಹೆಚ್ಚುಕಡಿಮೆ ಜಿಪಿಆರ್‌ಎಸ್ ಕಾಲಕ್ಕೆ ಮರಳಿದಂತೆ.

ವಿಂಡೋಸ್‌ನಲ್ಲಿ ಆ ಸಂಪರ್ಕದ ಗುಣಲಕ್ಷಣಗಳಿಗೆ ಹೋಗಿ "ಮೀಟರ್ಡ್ ಕನೆಕ್ಷನ್" (ಇದು ಮಿತಿಯಿರುವ ಸಂಪರ್ಕ ಎಂಬ ಗುರುತು) ಆನ್ ಮಾಡಿ. ಇದು ಪ್ರತಿ ಸಂಪರ್ಕಕ್ಕೂ ಬೇರೆಬೇರೆ. ಹಾಟ್‌ಸ್ಪಾಟಿಗೆ ಮಾಡಿದ್ದು ಯುಎಸ್‌ಬಿಗೆ ಅನ್ವಯಿಸದು, ಅದನ್ನು ಈಥರ್ನೆಟ್ ವಿಭಾಗದಲ್ಲಿ ಇನ್ನೊಮ್ಮೆ ಮಾಡಬೇಕು. ಖರ್ಚಿನ ಲೆಕ್ಕ ಸುಲಭ: ಸೆಕೆಂಡಿಗೆ 1 ಮೆಗಾಬಿಟ್ ಒಂದೇ ಸಮ ಹರಿದರೆ ಗಂಟೆಗೆ 450 ಎಂಬಿ. ವೀಡಿಯೊ ತರಗತಿ 1.5 ಮೆಗಾಬಿಟ್ ಎಳೆಯುತ್ತಿದ್ದರೆ ಎರಡು ಗಂಟೆಗೆ 1350 ಎಂಬಿ ಹೋಯಿತು. ಕ್ಯಾಮೆರಾ ಆಫ್ ಮಾಡಿದರೆ ಕಳಿಸುವ ಪಾಲು ಉಳಿಯುತ್ತದೆ.

ಇದರಿಂದ ಆಗದ ಕೆಲಸಗಳು

ಮೊಬೈಲ್ ಕಂಪನಿಗಳು ಒಂದು ಸಾರ್ವಜನಿಕ ಐಪಿವಿ4 ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಕೂರಿಸುತ್ತವೆ. ಫೋನಿಗೆ ಬಂದ ವಿಳಾಸ 10ರಿಂದಲೋ 100.64ರಿಂದ 100.127ರ ನಡುವಿನದರಿಂದಲೋ ಶುರುವಾದರೆ ನೀವು ಆ ಗುಂಪಿನಲ್ಲಿದ್ದೀರಿ. ಆಗ ಲ್ಯಾಪ್‌ಟಾಪಿನಲ್ಲಿ ಅಭ್ಯಾಸಕ್ಕೆಂದು ಇಟ್ಟ ವೆಬ್ ಸರ್ವರನ್ನು ಆ ವಿಳಾಸದಿಂದ ಹೊರಗಿನವರು ತೆರೆಯಲಾರರು, ಮನೆಯ ಸಿಸಿಟಿವಿಗೂ ನೇರವಾಗಿ ಬರಲಾರರು. ಫೋನಿನಲ್ಲಿ ನೆಟ್‌ವರ್ಕ್ ಪೋರ್ಟ್ ತೆರೆದರೂ ಉಪಯೋಗವಿಲ್ಲ, ತಡೆ ಇರುವುದು ಕಂಪನಿಯ ಕಡೆ. ಒಳಗಿನಿಂದ ಹೊರಗೆ ಸಂಪರ್ಕ ಕಟ್ಟಿಕೊಳ್ಳುವ ಟನಲ್ ಸೇವೆ ಬಳಸಬೇಕು.

ವಿಪಿಎನ್ (ಬೇರೊಂದು ಜಾಲಕ್ಕೆ ಗುಪ್ತವಾಗಿ ಕಟ್ಟಿಕೊಳ್ಳುವ ಸಂಪರ್ಕ) ವಿಷಯದಲ್ಲೂ ಎಚ್ಚರ ಬೇಕು. ಸಾಮಾನ್ಯ ಆಂಡ್ರಾಯ್ಡ್‌ನಲ್ಲಿ ಫೋನಿನ ವಿಪಿಎನ್ ಫೋನಿನ ಆ್ಯಪ್‌ಗಳಿಗೆ ಮಾತ್ರ. ಟೆದರಿಂಗ್ ಮೂಲಕ ಹೋಗುವ ಲ್ಯಾಪ್‌ಟಾಪಿನ ಸಂಚಾರ ಅದರ ಹೊರಗೇ ಹರಿಯುತ್ತದೆ. ಕಾಲೇಜಿನ ಗ್ರಂಥಾಲಯಕ್ಕೋ ಕಚೇರಿಯ ಜಾಲಕ್ಕೋ ವಿಪಿಎನ್ ಬೇಕಿದ್ದರೆ ಲ್ಯಾಪ್‌ಟಾಪಿನಲ್ಲೇ ಹಾಕಿಕೊಳ್ಳಿ.